ಗೋಡೆಯಾಚೆಯ ರೇಡಿಯೋ

ಒಳ್ಳೇ ರೇಡಿಯೋ ಆರಿಸಿ ತರುವುದರಲ್ಲಿ ನಮ್ಮ ಊರಿಗಾಂನಲ್ಲೇ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ. ಅಡುಗೆಮನೆಗೊಂದು ಬೇಕೆಂದು ಆಂಡರ್ಸನ್‌ಪೇಟೆಯ ಅಂಗಡಿಗೆ ಹೋದಾಗ ಹೆಂಡತಿ ಚಿಕ್ಕ ಎಫ್‌ಎಂ ಸೆಟ್ಟು ತೋರಿಸಿದಳು. "ನಾನು ಕೇಳೋದು ಒಂದೇ ಸ್ಟೇಷನ್ನು. ಇದೇ ಸಾಕು ಕಣ್ರೀ."

ನಾನು ಬಿಡುತ್ತೇನೆಯೇ? ಇಂಟರ್ನೆಟ್ ರೇಡಿಯೋವನ್ನೇ ತಂದೆ. "ಇನ್ಮೇಲೆ ಲಂಡನ್ ಕೇಳ್ಕೊಂಡು ಮುದ್ದೆ ತಿರುವು!"

ಅವಳು ಹಾಕಿದ್ದು ಅದೇ ಸ್ಟೇಷನ್ನು. ನಮ್ಮ ಲೈನ್‌ಮನೆಗಳಲ್ಲಿ ಎರಡು ಅಡುಗೆಮನೆಗೆ ಒಂದೇ ಗೋಡೆ. ಆಚೆಮನೆ ಸೆಲ್ವಿಯಕ್ಕನ ಹಳೇ ಸೆಟ್ಟು ಹಾಡಿದ ಹಾಡನ್ನೇ, ಇಂಟರ್ನೆಟ್ ಮೂಲಕ ಬರಬೇಕಾದ ನಮ್ಮದು ಅರ್ಧ ನಿಮಿಷ ತಡವಾಗಿ ಹಾಡಿತು.

"ಪಾಪ, ಲಂಡನ್ ಸುತ್ಕೊಂಡು ಬರ್ಬೇಕಲ್ಲ" ಅಂದಳು ಹೆಂಡತಿ.

ಮಾನ ಉಳಿಯಬೇಕಲ್ಲ! ಕಾಮಸಮುದ್ರದಿಂದ ಭಾವಮೈದ ಬಂದಾಗ ಆ ಗೋಡೆಗೆ ಕಿವಿಯಾನಿಸಿ ಕೂತು, ಮುಂದೆ ಯಾವ ಹಾಡು ಬರುತ್ತದೆಂದು ಒಂದೊಂದನ್ನೂ ಮೊದಲೇ ಹೇಳಿದೆ.

"ಭಾವ, ನಿಮ್ಗೆಂಗೆ ಗೊತ್ತಾಯ್ತದೆ?"

"ರೇಡಿಯೋ ಅಂಥಾದ್ದು ಕಣ್ಲಾ!"

ಅಷ್ಟರಲ್ಲಿ ಒಲೆಯ ಮುಂದಿನಿಂದ ಹೆಂಡತಿ ಕೂಗಿದಳು: "ಸೆಲ್ವಿಯಕ್ಕಾ, ಒಸಿ ಜೋರಾಗಿ ಇಡಿ. ನಮ್ಮೋರಿಗೆ ಸರಿಯಾಗಿ ಕೇಳಿಸ್ತಿಲ್ವಂತೆ!"

ಭಾವಮೈದ ಊರಿಗೆ ಹೋಗುವಾಗ ಆ ಚಿಕ್ಕ ಎಫ್‌ಎಂ ಸೆಟ್ಟನ್ನೇ ಕೊಂಡನಂತೆ. ಆರಿಸುವ ಬುದ್ಧಿ ಕಲಿಸಿದವನು ನಾನೇ ತಾನೆ!