ಕಾಕಿಯ ಸೊಟ್ಟ ಕೊಂಡಿ

ತೊಂಬತ್ತರ ದಶಕದ ಕೊನೆಗೆ ನಾನು ಹುನಗುಂದದ ಕಾಲೇಜೊಂದರಲ್ಲಿ ಇಂಗ್ಲಿಷ್ ಮಾಸ್ತರ. ಇಳಕಲ್ಲಿನಲ್ಲಿ ಕುಡಿತ ಬಿಟ್ಟವರದೊಂದು ಸಭೆ, ‘ಸೊಬ್ರೈಟಿ’ ಎಂಬ ಪದದ ಮೇಲೆ ಮಾತಾಡಿ ಎಂದು ಕರೆದರು. ಹಿಗ್ಗಿ ಹೀರೇಕಾಯಿಯಾದೆ. ವಾರ ಮೊದಲೇ ದಪ್ಪ ನಿಘಂಟು ಬಗಲಲ್ಲಿಟ್ಟುಕೊಂಡು ಅಲ್ಲಿನ ಕಾಕಾನ ಮನೆಗೆ ಹೋದೆ. ನೇಕಾರ ಕಾಕಾ ಕುಡಿತ ಬಿಟ್ಟು ಆಗ ಹದಿನೈದು ದಿನ.

“ಲ್ಯಾಟಿನ್‌ನ್ಯಾಗ ‘ಸೆ’ ಅಂದ್ರ ಹೊರತು, ‘ಎಬ್ರಿಯಸ್’ ಅಂದ್ರ ಅಮಲೇರಿದಾಂವ, ಎರಡೂ ಕೂಡಿ ‘ಸೊಬ್ರೈಟಿ’,” ಎಂದು ಕಾಕಿಗೆ ಬಿಡಿಸಿ ಹೇಳಿದೆ.

“ಅಂದ್ರ ಶುದ್ಧೀಲೆ ಇರೂದು. ಅದಕ್ಕ ಇಷ್ಟು ದಪ್ಪ ಪುಸ್ತಕ ಹೊತ್ತಿಯೇನೋ?”

ನಮ್ಮ ಕಡೆ ಕುಡಿಯದೆ ಎಚ್ಚರದಲ್ಲಿರುವವನಿಗೆ ‘ಶುದ್ಧೀಲೆ ಇದ್ದಾನ’ ಅಂತಲೇ ಅನ್ನುತ್ತಾರೆ. ನನಗದು ಹೊಳೆದಿರಲಿಲ್ಲ, ಓದಿದವನಲ್ಲವೇ.

ಕಾಕಿಯ ಚಿಂತೆ ಬೇರೆಯೇ ಇತ್ತು. ಮಗ್ಗದ ಮೇಲೆ ಯಾರದೋ ಮದುವೆ ಸೀರೆ. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುವ ಕೊಂಡಿ ಬಾಕಿ. ಇಪ್ಪತ್ತು ವರ್ಷ ಕಾಕಾ ಕುಡಿದೇ ಕೊಂಡಿ ಹಾಕಿದವನು, ಗೆರೆ ಎಳೆದಂತೆ ಬರುತ್ತಿತ್ತು. ಈಗ ಬೆರಳುಗಳು ಗಡಗಡ ನಡುಗುತ್ತಿದ್ದವು.

“ಒಂದು ಗುಟುಕು ಬಿದ್ರ ಕೈ ನಿಂದರತಾವ,” ಎಂದ ಕಾಕಾ, ನೆಲ ನೋಡುತ್ತ.

ಸೀರೆಯವರು ಮರುದಿನವೇ ಬರುವವರಿದ್ದರು. ನಾನು ನಿಘಂಟು ಮುಚ್ಚಿ, “ಔಷಧದಂಗ ಒಂದೀಟು ಕೊಡ್ರಿ ಕಾಕಿ, ಸೀರಿ ಮುಗೀಲಿ,” ಎಂದುಬಿಟ್ಟೆ.

ಕಾಕಿ ನನ್ನನ್ನೇ ದಿಟ್ಟಿಸಿದಳು. “ಭಾಷಣ ಮಾಡಾಂವ ನೀನ ಅಲ್ಲೇನೋ?”

ನಾನು ಮತ್ತೆ ನಿಘಂಟು ತೆರೆದೆ. ಆಕೆ ಮಗ್ಗದ ಹತ್ತಿರ ಗಂಡನ ಎದುರು ಕೂತು ಎಳೆ ಹಿಡಿದಳು. “ಸೊಟ್ಟ ಬಂದ್ರ ಬರಲಿ, ಹಾಕ್ರಿ.”

ಇಡೀ ದಿನ ಹಾಕಿದರು. ಎಳೆ ಜಾರಿದಾಗೆಲ್ಲ ಕಾಕಾ ಬೀದಿ ಬಾಗಿಲ ಕಡೆ ನೋಡುತ್ತಿದ್ದ, ಕಾಕಿ ಮತ್ತೊಂದು ಎಳೆ ಕೈಗಿಡುತ್ತಿದ್ದಳು. ರಾತ್ರಿ ಸೆರಗೂ ನೇಯ್ದು ಮುಗಿಸಿದಾಗ ಕೊಂಡಿ ಬಂದದ್ದು ಎತ್ತು ಉಚ್ಚೆ ಹೊಯ್ದ ಹಾಗೆ. ಸೀರೆಯವರು ಮೂಗು ಮುರಿದು ಬೇಡವೆಂದು ಹೋದರು.

ಸಭೆಯಲ್ಲಿ ನಾನು ಲ್ಯಾಟಿನ್ ಶುರುಮಾಡಿದೆ. ಮುಂದಿನ ಸಾಲಿನಲ್ಲಿ ಕಾಕಾ, ನಡುಗುವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಕಾಕಿ, ಅದೇ ಸೀರೆಯಲ್ಲಿ. ಸೊಟ್ಟ ಕೊಂಡಿ ಭುಜದ ಮೇಲೆ ಎಲ್ಲರಿಗೂ ಕಾಣುವಂತೆ ಸೆರಗು ಹೊದ್ದಿದ್ದಳು. ಹಿಂದಿನ ಸಾಲಿನ ಹೆಂಗಸೊಬ್ಬಳು ಬಗ್ಗಿ, “ಕೊಂಡಿ ಸೊಟ್ಟ ಆಗೇತಲ್ರೀ,” ಎಂದಳು.

“ಹೌದ್ರಿ,” ಎಂದಳು ಕಾಕಿ, ನನಗೂ ಕೇಳುವಷ್ಟು ಗಟ್ಟಿಯಾಗಿ. “ನಮ್ಮನಿಯವರು ಶುದ್ಧೀಲೆ ಹಾಕಿದ್ದು.”