ಅಟ್ಟದ ಡ್ರ್ಯಾಗನ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಕೋಪ ಬಂದರೆ ನಾನು ಕೂಗಾಡುವವಳಲ್ಲ, ನಗಿಸುವವಳು. ಯಾರ ಮೇಲೆ ಕೋಪವೋ ಅವರನ್ನು ಎದುರಿಗೆ ಕೂರಿಸಿಕೊಂಡು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡುತ್ತೇನೆ. ಆ ಮಗುವಿಗೆ ಡ್ರ್ಯಾಗನ್ ಕಥೆ ಹೇಳಿದ್ದೂ ಹಾಗೆಯೇ.

ಅವಳು ನನ್ನ ನಾದಿನಿಯ ಮಗಳು, ಆರು ವರ್ಷ. ನಾದಿನಿ ತೀರಿಕೊಂಡಳು. ಅರೇಹಳ್ಳಿಯಲ್ಲಿದ್ದ ಅವಳ ಗಂಡ ಇನ್ನೊಂದು ಮದುವೆಯಾದ. ಮಗುವನ್ನು ಅರಸೀಕೆರೆಗೆ ತಂದು ನಮ್ಮ ಮನೆಯಲ್ಲಿ ಬಿಟ್ಟರು. ನನ್ನ ಅತ್ತೆ, ಅಂದರೆ ಆ ಮಗುವಿನ ಅಜ್ಜಿ, ಅವಳನ್ನು ಇಲ್ಲೇ ಬೆಳೆಸಬೇಕೆಂದು ಆಸೆಪಟ್ಟರು. ನನ್ನ ಗಂಡ ಅಮ್ಮನ ಮಾತಿಗೆ ಎದುರಾಡುವವರಲ್ಲ. ಆದರೆ ಅವಳು ದಿನಾ ಹಾಸಿಗೆ ಒದ್ದೆ ಮಾಡುತ್ತಿದ್ದಳು, ಒಗೆಯುವವಳು ನಾನು. ಬೆಳಗ್ಗೆ ಎಂಟೂವರೆಗೆ ಪಾಠ ಹೇಳಲು ಶಾಲೆಗೆ ಓಡಬೇಕು, ಅದಕ್ಕೆ ಮೊದಲು ಕಂಬಳಿ ಹಿಂಡಬೇಕು. ನನಗೆ ರೋಸಿಹೋಯಿತು.

"ಒಂದು ತಿಂಗಳು ನೋಡ್ತೀನಿ. ನಿಲ್ಲಿಸಿದ್ರೆ ಇಲ್ಲೇ ಸ್ಕೂಲಿಗೆ ಸೇರಿಸೋಣ. ಇಲ್ಲ ಅಂದ್ರೆ ಅವರಪ್ಪನ ಮನೆಗೆ ಬಿಟ್ಟು ಬರ್ತೀನಿ" ಎಂದೆ.

ಅವಳು ಅಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದಳು. ಬೇಕೆಂದೇ ಅವಳೆದುರು ಹೇಳಿದೆ.

ಆ ಭಾನುವಾರ ಎಲ್ಲರೂ ಹಳೇಬೀಡಿಗೆ ಹೋಗಿದ್ದೆವು. ದೇವಸ್ಥಾನದ ಗೋಡೆಯ ಸಾಲಿನಲ್ಲಿ ಕೆತ್ತಿರುವ ಮಕರದ ಎದುರು ಅವಳು ನಿಂತೇಬಿಟ್ಟಳು. ಆನೆಯ ಸೊಂಡಿಲು, ಹಂದಿಯ ಮೈ, ನವಿಲಿನ ಬಾಲ. "ಅತ್ತೆ, ಇದು ಡ್ರ್ಯಾಗನ್ನಾ?" ಎಂದು ಕೇಳಿದಳು. ಮೊಬೈಲಿನ ಕಾರ್ಟೂನಿನಲ್ಲಿ ನೋಡಿದ್ದಳು. ಹೌದು ಎಂದೆ. ಇದರ ಅಣ್ಣ ನಮ್ಮ ಮನೆಯ ಅಟ್ಟದ ಮೇಲೇ ಇದ್ದಾನೆ ಎಂದೂ ಸೇರಿಸಿದೆ.

ಅಟ್ಟ ಎಂದರೆ ನಮ್ಮ ಕಡೆ ಸುಮ್ಮನೆ ಅಲ್ಲ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿಗೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಕೊಬ್ಬರಿಯಾಗಬೇಕು. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಕೆಳಗಿನ ಕೋಣೆಯಲ್ಲಿ ತೆಂಗಿನ ಮಟ್ಟೆಗೆ ಬೆಂಕಿಯಿಟ್ಟು ಮೇಲಕ್ಕೆ ಹೊಗೆ ಹಾಯಿಸುತ್ತೇವೆ. ಚಪ್ಪಲಿ ಮೆಟ್ಟಿಕೊಂಡು ಅಟ್ಟ ಹತ್ತುವಂತಿಲ್ಲ, ಮುಟ್ಟಾದ ಹೆಂಗಸರು ಏಣಿಯನ್ನೂ ಮುಟ್ಟುವಂತಿಲ್ಲ. ದೇವರ ಕೋಣೆಗಾದರೂ ಅಜ್ಜಿ ಅಷ್ಟು ಮಡಿ ಮಾಡಿದ್ದನ್ನು ನಾನು ಕಂಡಿಲ್ಲ.

ಸಂಜೆ ಜಗಲಿಯ ಮೇಲೆ ಬೀದಿಯ ಐದಾರು ಮಕ್ಕಳನ್ನು ಸೇರಿಸಿ ಕಥೆ ಶುರುಮಾಡಿದೆ. ಅಟ್ಟದ ಡ್ರ್ಯಾಗನ್ ಬಾಯಿ ತೆರೆದರೆ ಊರೆಲ್ಲ ಹೊಗೆ. ಪೊಲೀಸರು ಬಂದರು, ಅವರ ಲಾಠಿ ಸುಟ್ಟು ಹಪ್ಪಳವಾಯಿತು. ತಹಶೀಲ್ದಾರರು ನೋಟಿಸ್ ಕಳಿಸಿದರು, ಡ್ರ್ಯಾಗನ್ ಅದನ್ನು ಹೊತ್ತಿಸಿ ಕೈ ಕಾಯಿಸಿಕೊಂಡಿತು. ಕೊನೆಗೆ ಒಬ್ಬ ರಾಣಿ ಬಂದಳು. ಮುಂದಿನ ಹಲ್ಲಿಲ್ಲ, ಕತ್ತಿ ಎತ್ತಲು ಶಕ್ತಿಯಿಲ್ಲ. ಸುಸ್ತಾಗಿ ಡ್ರ್ಯಾಗನ್ನಿನ ಬೆನ್ನ ಮೇಲೇ ಮಲಗಿ ನಿದ್ದೆ ಹೋದಳು. ಅವಳು ಎದ್ದು ನೋಡುವಾಗ ಡ್ರ್ಯಾಗನ್ ತೊಪ್ಪೆಯಾಗಿ ಗಡಗಡ ನಡುಗುತ್ತಿತ್ತು, ಹೊಟ್ಟೆಯ ಬೆಂಕಿಯೆಲ್ಲ ಆರಿಹೋಗಿತ್ತು. ಅವಳೇ ಉಚ್ಚೆರಾಣಿ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆಮೇಲೆ ನನ್ನ ಸೆರಗು ಹಿಡಿದು, "ಅತ್ತೆ, ಅದು ನಾನೇ ಅಲ್ವಾ?" ಎಂದಳು. ಮುಖ ಅರಳಿತ್ತು. ನಾಚಿಕೆಯಿಂದ ಸಾಯಲಿ ಎಂದು ಹೇಳಿದ ಕಥೆ ಅವಳಿಗೆ ಹೊಗಳಿಕೆಯಾಗಿ ಕೇಳಿಸಿತ್ತು. ನನಗೆ ಮೈಯೆಲ್ಲ ಉರಿಯಿತು. ಬೀದಿಯ ಮಕ್ಕಳು ಮರುದಿನದಿಂದ ಉಚ್ಚೆರಾಣಿ ಎಂದೇ ಕೂಗಿದರು, ಅವಳು ಓಗೊಟ್ಟಳು.

ವಿಚಿತ್ರವೆಂದರೆ ಹಾಸಿಗೆ ಒದ್ದೆಯಾಗುವುದು ನಿಂತಿತು. ನಾಲ್ಕು ದಿನವಾಯಿತು, ಎಂಟು ದಿನವಾಯಿತು. ಹೇಗೆ ಎಂದು ಕೇಳಿದರೆ ಕಿವಿಯಲ್ಲಿ, "ಡ್ರ್ಯಾಗನ್‌ಗೆ ಅಂತ ಇಟ್ಕೊಂಡಿದ್ದೀನಿ" ಎಂದಳು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ. ಅಜ್ಜಿ ಅವಳಿಗೆ ಯೂನಿಫಾರಂ ಹೊಲಿಸಲು ಅಳತೆ ಕೊಟ್ಟು ಬಂದರು. ಸರಿ, ಇದ್ದುಕೊಳ್ಳಲಿ ಎಂದು ನನಗೂ ಅನ್ನಿಸತೊಡಗಿತ್ತು.

ಹನ್ನೆರಡನೆಯ ದಿನ ಜಡಿಮಳೆ, ಶಾಲೆಗೆ ರಜೆ. ಮಧ್ಯಾಹ್ನ ಅಜ್ಜಿ ಮಟ್ಟೆಗೆ ಬೆಂಕಿಯಿಟ್ಟರು. ಅಟ್ಟದ ಸಂದಿಗಳಿಂದ ಹೊಗೆ ಇಳಿದು ನಡುಮನೆಗೂ ಬಂತು. ಸ್ವಲ್ಪ ಹೊತ್ತಿಗೆ ಮಗು ಕಾಣಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಅಜ್ಜಿ ಏಣಿ ಹತ್ತಿದರು. ಅವಳು ಕಾಯಿರಾಶಿಯ ಮೇಲೆ ಬೋರಲು ಮಲಗಿದ್ದಳು. ಕಣ್ಣು ಕೆಂಡವಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಕೆಳಗಿನ ಕಾಯೆಲ್ಲ ಒದ್ದೆ.

ಇನ್ನೊಂದು ಗಳಿಗೆ ತಡವಾಗಿದ್ದರೆ ಉಸಿರುಕಟ್ಟಿ ಸಾಯುತ್ತಿದ್ದಳು. ಅದನ್ನು ಯಾರೂ ಹೇಳಲಿಲ್ಲ. ಅಜ್ಜಿ ಅವಳನ್ನು ಕೆಳಗಿಳಿಸಿ, ತೆಂಗಿನ ಕಡ್ಡಿ ತೆಗೆದುಕೊಂಡು ಕಾಲಿಗೆ ಬಾರಿಸಿದರು. "ಅಟ್ಟ ಮೈಲಿಗೆ ಮಾಡ್ಬುಟ್ಯಲ್ಲೇ. ಯಾರೇ ಇದ್ನ ನಿಂಗೆ ಹೇಳ್ಕೊಟ್ಟೋರು?"

ಅವಳು ನನ್ನ ಕಡೆ ನೋಡಿದಳು. ನಾನೇ ಎದ್ದು ಹೇಳುತ್ತೇನೆ, ಶಹಬ್ಬಾಸ್ ಎನ್ನುತ್ತೇನೆ ಎಂದು ಕಾಯುತ್ತಿದ್ದಳು.

"ಆ ಹಾಳು ಕಾರ್ಟೂನ್ ನೋಡ್ತಾಳಲ್ಲ, ಅದ್ರಿಂದ" ಎಂದೆ.

ಅಜ್ಜಿ ಇನ್ನೆರಡು ಬಿಗಿದರು. ಏಟಿನ ನಡುವೆಯೇ ಅವಳು, "ಅತ್ತೆ, ಬೆಂಕಿ ಆರೋಯ್ತಾ?" ಎಂದಳು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ತಟ್ಟೆಯನ್ನೇ ನೋಡುತ್ತಾ, "ನನ್ ಕೈಲಿ ಆಗಾಕಿಲ್ಲ ಕಣವ್ವ. ಬಿಟ್ಬುಟ್ಟು ಬಾ" ಎಂದರು. ಕಥೆ ನನ್ನದು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು, ಅಜ್ಜಿ ನನ್ನನ್ನು ಬೈದು ಅವಳನ್ನು ಉಳಿಸಿಕೊಳ್ಳುತ್ತಿದ್ದರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಮೂರು ದಿನ ಬಿಟ್ಟು ನಾನೂ ಅವಳೂ ಅರೇಹಳ್ಳಿಗೆ ಹೊರಟೆವು. ಆ ಮೂರು ರಾತ್ರಿಯೂ ಹಾಸಿಗೆ ಒಣಗಿಯೇ ಇತ್ತು. ಬೇಲೂರಿನಲ್ಲಿ ಬಸ್ಸು ಬದಲಿಸುವಾಗ ಬನ್ನು ಕೊಡಿಸಿದೆ, ಅರ್ಧ ಮುರಿದು ನನಗೇ ಕೊಟ್ಟಳು.

ಅವಳ ಚಿಕ್ಕಮ್ಮ, ಅಂದರೆ ಅಪ್ಪನ ಎರಡನೆಯ ಹೆಂಡತಿ, ಕೆಟ್ಟವಳೇನಲ್ಲ. ಏಳು ತಿಂಗಳ ಬಸುರಿ, ಸೊಂಟ ಹಿಡಿದುಕೊಂಡೇ ನನಗೆ ಕಾಫಿ ಮಾಡಿಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ಹಾಸಿಗೆ ಒದ್ದೆ ಮಾಡೋದು ಈಗ್ಲೂ ಐತಾ? ಇಲ್ಲ ಅಂದ್ರೆ ಒಳಗೆ ನನ್ ಪಕ್ಕದಲ್ಲೇ ಮಲಗಿಸ್ಕತೀನಿ. ಮಾಡ್ತಾಳೆ ಅಂದ್ರೆ ದಿನಾ ಹಾಸಿಗೆ ಒಗೆಯಾಕೆ ನನ್ ಕೈಲಿ ಆಗಲ್ಲ."

"ಇಲ್ಲ, ಈಗ ಮಾಡಲ್ಲ. ಅತ್ತೇನೇ ಕೇಳಿ" ಎಂದಿತು ಮಗು.

ಇಬ್ಬರೂ ನನ್ನ ಮುಖ ನೋಡಿದರು. ಮಾಡುವುದಿಲ್ಲ ಎಂದರೆ, ಮತ್ತೆ ಯಾಕೆ ವಾಪಸ್ಸು ತಂದಿರಿ ಎಂದು ಕೇಳುತ್ತಾಳೆ.

"ಮಾಡ್ತಾಳೆ. ದಿನಾ" ಎಂದೆ.

ಚಿಕ್ಕಮ್ಮ ನಿಟ್ಟುಸಿರು ಬಿಟ್ಟು ಎದ್ದಳು. ಒಂದು ಗೋಣಿಚೀಲ ತಂದು ಹೊರಗಿನ ಜಗಲಿಯ ಮೂಲೆಯಲ್ಲಿ ಹಾಸಿದಳು. ಮಗು ತನ್ನ ಬ್ಯಾಗು ಎತ್ತಿಕೊಂಡು ಹೋಗಿ ಅದರ ಮೇಲೆ ಕೂತಿತು. ಬಸ್ಸಿಗೆ ಹೊತ್ತಾಯಿತೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ.