ಮೆಣಸಿನಕಾಯಿ ತಿಂದ ಕೋಳಿಗಳು

ಆ ತಟ್ಟೆಯನ್ನು ನಾನು ಕಣ್ಣಾರೆ ಕಂಡೆನೋ ಇಲ್ಲವೋ, ಈಗ ಹೇಳಲಾರೆ. ಕಣ್ಣು ಮುಚ್ಚಿದರೆ ಸ್ಟೀಲಿನ ತಟ್ಟೆ ಕಾಣುತ್ತದೆ. ಅಂಚಿನಲ್ಲಿ ಚಿಟಿಕೆ ಉಪ್ಪು, ಹೋಳಾದ ಬೇಯಿಸಿದ ತತ್ತಿ, ನಡುವೆ ಹಳದಿ ಇರಬೇಕಾದಲ್ಲಿ ಸುಟ್ಟ ಇಟ್ಟಂಗಿಯಂಥ ಕೆಂಪು. ಆದರೆ ನನ್ನ ತಂಗಿ ಖಂಡಿತವಾಗಿ ಹೇಳುತ್ತಾಳೆ: "ನೀ ಆವತ್ತ ಮನ್ಯಾಗ ಇರಲೇ ಇಲ್ಲೋ ಅಣ್ಣಾ. ಸಂಜಿ ಗಾಡಿಗೆ ಬಂದಿ." ಅವಳ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಅವಳು ಆಗ ಬಾಣಂತಿ, ಒಳಕೋಣೆಯಲ್ಲಿ ಹೊರಸಿನ ಮೇಲೆ ಮಲಗಿದ್ದವಳು. ಕೇಳಿದ್ದೆಲ್ಲ ಕದದ ಹಿಂದಿನಿಂದ. ಕಂಡೆ ಎನ್ನುವ ನಾನು ಅಲ್ಲಿರಲಿಲ್ಲ, ಅಲ್ಲಿದ್ದ ಅವಳು ಕಾಣಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಎಲ್ಲದಕ್ಕೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡು, ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಇವತ್ತೋ ನಾಳೆಯೋ ಹೋಗುವಂಥ ನೌಕರಿ ಮಾಡುತ್ತಿದ್ದೆ. ಮನೆ ಬ್ಯಾಡಗಿಯಲ್ಲಿ. ದಿನಾ ರೈಲಿನಲ್ಲಿ ಓಡಾಟ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವಿನ ಮಣ್ಣಿನ ಗೋಡೆ ಒಂದು ಕಡೆ ಬಿದ್ದಿತ್ತು. ಯಾರೂ ಕಟ್ಟಿಸಿರಲಿಲ್ಲ. ಆ ಕಂಡಿಯಲ್ಲಿ ಕೋಳಿಗಳು ಓಡಾಡುತ್ತಿದ್ದವು, ಕೋಳಿಗಳ ಹಿಂದೆ ಅವ್ವ ಮತ್ತು ಖಾಲಾ ಓಡಾಡುತ್ತಿದ್ದರು. ಖಾಲಾ ಎಂದರೆ ಪಕ್ಕದ ಮನೆಯ ಮುಸಲ್ಮಾನ ವಿಧವೆ. ನಾವು ಮಕ್ಕಳು ಕರೆಯುತ್ತಿದ್ದುದು ಹಾಗೆ. ಅವ್ವ ಅವಳನ್ನು 'ಆಪಾ', ಅಂದರೆ ಅಕ್ಕ, ಎನ್ನುತ್ತಿದ್ದಳು, ಅವಳು ಅವ್ವನನ್ನು 'ಯಕ್ಕಾ' ಎನ್ನುತ್ತಿದ್ದಳು. ಇಬ್ಬರಿಗೂ ತಾನೇ ಚಿಕ್ಕವಳು. ಮೊದಲ ಹೇಂಟೆ ಖಾಲಾ ಪಾಲಿಗೆ ಕೊಟ್ಟದ್ದು. ಸಾಕುವವಳು ಅವ್ವ, ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ವರ್ಷಗಳು ಕಳೆದ ಮೇಲೆ ಯಾವ ಕೋಳಿ ಯಾರದೆಂಬುದು ಕೋಳಿಗಳಿಗಿರಲಿ, ಅವರಿಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಕೋಳಿ ಸಾಕಣೆಯಲ್ಲಿ ಸುಖ ಕಡಿಮೆ. ಹದ್ದು ಮರಿ ಎತ್ತಿಕೊಂಡು ಹೋಗುತ್ತಿತ್ತು. ಬುಟ್ಟಿ ಕವುಚಲು ಮರೆತರೆ ಮುಂಗುಸಿ ಬರುತ್ತಿತ್ತು. ಕಾವಿಗೆ ಕೂತ ಹೇಂಟೆ ಅರ್ಧಕ್ಕೇ ಎದ್ದು ಹೋಗಿ ತತ್ತಿಗಳೆಲ್ಲ ಕೆಡುತ್ತಿದ್ದವು, ಅವನ್ನು ದೂರ ಒಗೆಯುವ ಕೆಲಸ ನನ್ನದು. ಆದರೂ ಬುಟ್ಟಿಯ ಕೆಳಗೆ ಮರಿ ಚಿವ್ ಎಂದ ದಿನ ಅವ್ವ ಕಂಡಿಯಲ್ಲಿ ತಲೆ ತೂರಿಸಿ ಕೂಗುತ್ತಿದ್ದಳು: "ಆಪಾ, ನಿನ್ನ ಮೊಮ್ಮಕ್ಕಳು ಬಂದಾವ!" ಆ ಕಡೆಯಿಂದ ಉತ್ತರ: "ಅಜ್ಜನ್ನ ಕೇಳ, ಏನ್ ಹೆಸರ ಇಡೂಣು ಅಂತ." ಅಜ್ಜ ಎಂದರೆ ಖಾಲಾನ ಹುಂಜ.

ಬೇಸಿಗೆಗೆ ಮುಂಚೆ ಮೆಣಸಿನಕಾಯಿ ಸುಗ್ಗಿ. ವ್ಯಾಪಾರಿಗಳು ಚೀಲಗಳನ್ನು ಮನೆಮನೆಗೆ ಕಳಿಸುತ್ತಿದ್ದರು, ಹೆಂಗಸರು ಕೂತು ತೊಟ್ಟು ಮುರಿಯುತ್ತಿದ್ದರು. ಅವ್ವ ಮತ್ತು ಖಾಲಾ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕಂಡಿಯ ಬಾಯಲ್ಲೇ ಕೂರುತ್ತಿದ್ದರು. ಉಳಿದ ಒಡಕು ಸಿಪ್ಪೆ, ಬೀಜಗಳನ್ನು ಜೋಳದ ನುಚ್ಚಿನಲ್ಲಿ ಕಲಸಿ ಕೋಳಿಗೆ ಹಾಕುತ್ತಿದ್ದರು. "ಖಾರ ತಿಂದ ಕೋಳಿಗೆ ಥಂಡಿ ಹತ್ತೂದಿಲ್ಲ" ಎಂದು ಖಾಲಾ. ನಾವು ಸೀನಿ ಸಾಯುತ್ತಿದ್ದೆವು, ಕೋಳಿಗಳು ಬೆಲ್ಲದಂತೆ ತಿನ್ನುತ್ತಿದ್ದವು. ಆ ತಿಂಗಳುಗಳಲ್ಲಿ ನಮ್ಮ ತತ್ತಿಯ ಬಣ್ಣ ಗಾಢವಾಗುತ್ತಿತ್ತು. ನಮಗೆ ಅದೊಂದು ವಿಶೇಷವೆನಿಸಿರಲಿಲ್ಲ. ಮನೆಯ ತತ್ತಿ ಹಾಗಿರುತ್ತದೆ, ಅಷ್ಟೆ.

ಅಂಥ ಒಂದು ಸುಗ್ಗಿಯಲ್ಲಿ ತಂಗಿ ಹೆರಿಗೆಗೆ ಬಂದಿದ್ದಳು. ಕೂಸು ನೋಡಲು ಅವಳ ಅತ್ತೆ ಹಲಗೇರಿಯಿಂದ ಬಂದರು. ಅವ್ವ ಬೀಗತಿಗೆಂದು ತತ್ತಿ ಬೇಯಿಸಿದಳು. ಮುಂದಿನ ಮಾತುಗಳು ತಂಗಿ ಕೇಳಿಸಿಕೊಂಡವು, ಕೆಲವು ಅವ್ವ ಆಮೇಲೆ ಹೇಳಿದವು. ನಾನು ಎಷ್ಟು ಸೇರಿಸಿದ್ದೇನೋ ಗೊತ್ತಿಲ್ಲ.

"ಇದೇನ್ರಿ ಇದು? ರಕ್ತ ಇದ್ದಂಗ ಐತಲ್ರಿ!" ಎಂದರು ಬೀಗತಿ.

"ರಕ್ತ ಎಲ್ಲೀದು ಬಿಡ್ರಿ. ಮೆಣಸಿನಕಾಯಿ ತಿಂತಾವ, ಅದಕ್ಕ ಇರಬೇಕು."

"ನಾನೂ ಹುಟ್ಟಿದಾಗಿಂದ ಮೆಣಸಿನಕಾಯಿ ತಿಂದೀನಿ. ನನ್ನ ಮಕ್ಕಳೇನು ಕೆಂಪ ಹುಟ್ಟ್ಯಾವೇನ್ರಿ?"

ಕದದ ಹಿಂದೆ ತನಗೆ ನಗು ಬಂತೆಂದು ತಂಗಿ ಹೇಳುತ್ತಾಳೆ. ನಗು ಅಲ್ಲಿಗೇ ಮುಗಿಯಿತು. ಬೀಗತಿ ಕೋಳಿ ಯಾರವೆಂದು ಕೇಳಿದರು. ನಮ್ಮವು, ಬಾಜೂ ಮನೆಯ ಆಪಾನವು, ಕೂಡೇ ಮೇಯುತ್ತವೆ ಎಂದಳು ಅವ್ವ. ಬೀಗತಿ ತಟ್ಟೆ ಸರಿಸಿ ಕೈ ತೊಳೆದುಕೊಂಡರು.

"ಹಂಗಂದ್ರ ಆಕಿ ಕೈಯಾಗಿಂದ ತಿಂದ ಕೋಳಿ. ಏನ ಹಾಕ್ತಾಳೋ, ಏನ ಓದಿ ಊದ್ತಾಳೋ ಯಾರ ಕಂಡಾರ? ಇದನ್ನ ಬಾಣಂತಿಗೂ ತಿನಿಸೀರೇನು? ಕೋಳಿ ಹೋಗ್ಲಿ, ಆ ಹೆಂಗಸಿನ ಬಳಕಿ ಹೋಗ್ಲಿ. ಆಮ್ಯಾಲೆ ನಮ್ಮ ಸೊಸಿನ್ನ ಕರಕೊಂಡ ಹೋಗ್ತೀವಿ. ಅಲ್ಲೀತನ ನಿಮ್ಮ ಮಗಳು ನಿಮ್ಮ ಮನ್ಯಾಗ ಇರ್ಲಿ."

ಆ ಸಂಜೆ ನಾನು ಏನೋ ವಾದ ಮಾಡಿರಬೇಕು. ಬಣ್ಣ ಆಹಾರದಿಂದ ಬಂದಿರಬಹುದು ಎಂದದ್ದು ನೆನಪಿದೆ. 'ಇರಬಹುದು' ಎಂಬ ಮಾತಿಗೆ ಯಾವ ಬೀಗತಿ ಮಣಿದಾಳು? ಅಪ್ಪ, "ನಿನ್ನ ಸಾಯಿನ್ಸ್ ಹಲಗೇರಿಗೆ ಹೋಗಿ ಹೇಳ" ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಕೋಳಿ ಸಂಬಂಧ ಮಗಳ ಮನಿ ಮುರೀತೀಯೇನು?" ಎಂದ. ಅವ್ವ ಕೋಳಿ ಬಿಡಬಹುದಿತ್ತು. ಆಪಾನಿಗೆ ಏನೆಂದು ಹೇಳುವುದು? ನೀನು ಮಾಟಗಾತಿ ಅಂತಾರ ಎಂದೇ? ಆ ಮಾತು ತನ್ನ ಬಾಯಿಂದ ಹೊರಡಬಾರದೆಂದು ಅವ್ವ ಒಂದು ಸುಳ್ಳು ಹೂಡಿದಳು.

ಮರುದಿನ ಕಂಡಿಯಲ್ಲಿ ನಿಂತು, "ಆಪಾ, ಕೋಳಿಗೆ ಬ್ಯಾನಿ ಬಂದೈತಿ. ನಾ ಎಲ್ಲಾನೂ ತಗಸಾಕತ್ತೇನಿ" ಎಂದಳು.

ಖಾಲಾ ಒಂದು ಹೇಂಟೆಯನ್ನು ಹಿಡಿದು ಕೊಕ್ಕು ಬಿಡಿಸಿ ನೋಡಿದಳು. "ಜುಟ್ಟ ಕೆಂಪಗ ಐತಿ, ಹಿಕ್ಕಿ ಚಲೋ ಐತಿ. ಬ್ಯಾನಿ ಎಲ್ಲೈತಿ ಯಕ್ಕಾ?"

"ನಮ್ಮ ಕಡೆ ಎರಡ ಸತ್ತಾವ. ಒಗದ ಬಂದೀನಿ."

"ನೀ ಅಂದ್ರ ಖರೇ ಇರಬೇಕು."

ಮಾರಿಬಿಡು ಎಂದು ಅವ್ವ ಮೆಲ್ಲಗೆ ಹೇಳಿದಳಂತೆ. ಅದಕ್ಕೆ ಖಾಲಾ ರೇಗಿದಳು: "ಬ್ಯಾನಿ ಕೋಳಿ ಮಂದಿಗೆ ಮಾರ್ಲೇನು? ಅವರ ಮನಿ ಕೋಳಿನೂ ಸಾಯಲೇನು? ಅಲ್ಲಾ ಮೆಚ್ಚತಾನೇನು?" ಮಾರಲಿಲ್ಲ, ತಿನ್ನಲೂ ಇಲ್ಲ. ಗೋಡೆಯ ಬದಿಗೆ ಕುಣಿ ತೋಡಿ, ಒಂದೊಂದನ್ನೇ ಕೊಂದು ಮುಚ್ಚಿದಳು. ಇದನ್ನು ನಾನು ನೋಡಿದ್ದೇನೆ. ಅಥವಾ ನೋಡಿದ್ದೇನೆ ಎಂದುಕೊಂಡಿದ್ದೇನೆ. ಹುಂಜ ಮಾತ್ರ ಸಿಕ್ಕದೆ ನಮ್ಮ ಹಿತ್ತಲಿಗೆ ಓಡಿಬಂತು. ಅವ್ವ ಅದನ್ನು ಹಿಡಿದು, ರೆಕ್ಕೆ ಕೂಡಿಸಿ, ಕಂಡಿಯ ಆಚೆ ಕೊಟ್ಟಳು. ಅದು ಗಟ್ಟಿಯಾಗಿ ಕೂಗುತ್ತಿತ್ತು. ರೋಗದ ಕೋಳಿ ಹಾಗೆ ಕೂಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ.

ನಮ್ಮ ಕಡೆ ಉಳಿದವನ್ನು ಅಪ್ಪ ಬುಟ್ಟಿಗೆ ತುಂಬಿ, ಮೇಲೆ ಬಲೆ ಕಟ್ಟಿ, ರಾಣೆಬೆನ್ನೂರು ಸಂತೆಗೆ ಒಯ್ದ. ಬ್ಯಾಡಗಿಯಲ್ಲಿ ಮಾರಿದರೆ ಗುರುತಾಗುತ್ತದೆಂಬ ಜಾಣತನ. ಆದರೆ ಖಾಲಾನ ತಮ್ಮ ರಾಣೆಬೆನ್ನೂರಿನಲ್ಲಿ ಆಟೋ ಓಡಿಸುತ್ತಿದ್ದ. ಅಕ್ಕನ ಮನೆಗೆ ಬಂದಾಗಲೆಲ್ಲ ಹಿತ್ತಲಲ್ಲಿ ಕಂಡಿದ್ದ ನಮ್ಮ ಕುಂಟ ಹೇಂಟೆ ಸಂತೆಯಲ್ಲಿ ಕಂಡರೆ ಅವನಿಗೆ ಗೊತ್ತಾಗದಿರುತ್ತದೆಯೇ?

ಖಾಲಾ ಜಗಳ ಮಾಡಲಿಲ್ಲ. ಕಂಡಿಗೆ ಬಂದು ಒಂದೇ ಮಾತು ಕೇಳಿದಳು. "ಯಕ್ಕಾ, ಬ್ಯಾನಿ ಕೋಳಿ ಮಂದಿಗೆ ಮಾರಿದಿಯೇನು? ಇಲ್ಲಾ ಬ್ಯಾನೀನೇ ಇರಲಿಲ್ಲೇನು?"

ಬ್ಯಾನಿ ಇತ್ತೆಂದರೆ ಒಂದು ಪಾಪ, ಇರಲಿಲ್ಲವೆಂದರೆ ಇನ್ನೊಂದು. ಬೀಗತಿಯ ಮಾತು ಹೇಳಿದರೆ ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು. ಅವ್ವ ಸೆರಗಿನ ತುದಿ ಹಿಡಿದು ನಿಂತಳು. ಆ ವಾರವೇ ಖಾಲಾ ಕಲ್ಲು ಮಣ್ಣು ತರಿಸಿ ಕಂಡಿ ಮುಚ್ಚಿಸಿದಳು.

ತಂಗಿಯನ್ನು ಅತ್ತೆಮನೆಯವರು ಕರೆದುಕೊಂಡು ಹೋದರು. ಅವಳ ಸಂಸಾರ ಇನ್ನೂ ನಡೆದಿದೆ. ಆದ್ದರಿಂದ ಅವ್ವ ಮಾಡಿದ್ದೇ ಸರಿ ಎನ್ನುವವರಿದ್ದಾರೆ. ಅವ್ವ ಎಂದೂ ಹಾಗೆನ್ನಲಿಲ್ಲ. ಮತ್ತೆ ಕೋಳಿ ಸಾಕಲಿಲ್ಲ. ತೊಟ್ಟು ಮುರಿಯಲು ಒಬ್ಬಳೇ ಕೂರುತ್ತಿದ್ದಳು, ಗೋಡೆಗೆ ಬೆನ್ನು ಮಾಡಿ. ಮುಂದೆ ಖಾಲಾ ಮನೆ ಮಾರಿ ರಾಣೆಬೆನ್ನೂರಿಗೆ, ತಮ್ಮನ ಹತ್ತಿರ ಹೋದಳು. ಹೋಗುವಾಗ ಓಣಿಯ ಎಲ್ಲರಿಗೂ ಹೇಳಿ ಹೋದಳು, ನಮ್ಮ ಮನೆಯೊಂದನ್ನು ಬಿಟ್ಟು.

ತೊಂಬತ್ತರ ದಶಕದಲ್ಲಿ ನಾನು ಹಾವೇರಿಗೆ ಬಂದೆ. ಬಾಡಿಗೆ ಮನೆಯಲ್ಲಿ ಕೋಳಿ ಸಾಕುವಂತಿರಲಿಲ್ಲ. ಅಗಡಿಯಿಂದ ದಿನಾ ಓಡಾಡುವ ಸಹೋದ್ಯೋಗಿಯೊಬ್ಬನಿಗೆ ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯ ಚೀಲ ಕೊಟ್ಟೆ. ಎರಡು ಹೇಂಟೆಗಳನ್ನು ಬೇರೆ ಬೇರೆ ಕೂಡಿಹಾಕಿ, ಒಂದಕ್ಕೆ ಮಾತ್ರ ಇದನ್ನು ನುಚ್ಚಿನಲ್ಲಿ ಕಲಸಿ ಹಾಕಲು ನಿನ್ನ ತಾಯಿಗೆ ಹೇಳು ಎಂದೆ. ಮರುದಿನ ಅವನು, "ನಿಮಗ ತಲಿ ನೆಟ್ಟಗ ಐತೇನು ಅಂತ ನಮ್ಮವ್ವ ಕೇಳಾಕತ್ತಾಳ್ರಿ" ಎಂದು ನಕ್ಕ. ಕೆಲವು ವಾರಗಳಾದ ಮೇಲೆ ಊಟದ ಡಬ್ಬಿಯಲ್ಲಿ ಎರಡು ತತ್ತಿ ತಂದ, ಮೆಣಸಿನಕಾಯಿ ತಿಂದ ಕೋಳಿಯದರ ಮೇಲೆ ಇದ್ದಿಲಿನ ಗುರುತು.

ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಈಗ ಯಾರಿಗೆ ಹೇಳೂಣು?" ಎಂದಳು.

ಉಳಿದದ್ದೆಲ್ಲ ನಾನು ಬರೆದಂತೆಯೇ ನಡೆಯಿತೆಂದು ಆಣೆ ಮಾಡಲಾರೆ. ಹಾವೇರಿಯ ಅಡುಗೆಮನೆಯಲ್ಲಿ ಆ ತತ್ತಿಗಳನ್ನು ಬೇಯಿಸಿ ಕೊಯ್ದವನು ನಾನೇ. ನುಚ್ಚನ್ನಷ್ಟೇ ತಿಂದ ಕೋಳಿಯದು ಹಳದಿ ಇತ್ತು. ಮೆಣಸಿನಕಾಯಿ ತಿಂದ ಕೋಳಿಯದು ಕೆಂಪಗಿತ್ತು.